ಹುಳಕ್ಕೆ ಹೆದರದವರು ಹೆದರಿದ ಕಥೆ

ಪ್ರಕರಣ ಇಷ್ಟು. ಉಡುಪಿಯ ಒಬ್ಬ ನಿವೃತ್ತ ನರ್ಸ್, ಸರ್ವಿಸಿನ ಬಹುಪಾಲನ್ನು ಆಪರೇಷನ್ ಥಿಯೇಟರಿನಲ್ಲೇ ಕಳೆದವರು, ಮಳೆಗಾಲದ ಆಟಿ ತಿಂಗಳ ಒಂದು ರಾತ್ರಿ ಒಂದು ವೈಜ್ಞಾನಿಕ ಕಥೆ ಓದಿದರು. ಒಂದೇ ಕೂತಿಗೆ ಮುಗಿಯುವ ಕಥೆ. ಮುಗಿಸಿದ ಮೇಲೆ ಪುಸ್ತಕವನ್ನು ತಲೆದೆಸೆಯಲ್ಲಿ ಇಟ್ಟುಕೊಳ್ಳಲು ಮನಸ್ಸಾಗದೆ, ಹಳೆಯ ಪೇಪರಿನಲ್ಲಿ ಸುತ್ತಿ ಸಿಟೌಟಿನ ಕಟ್ಟೆಯ ಮೇಲಿಟ್ಟು, ಒಳಗಿನಿಂದ ಚಿಲಕ ಹಾಕಿಕೊಂಡರು. ಬೆಳಿಗ್ಗೆ ನನಗೆ ಫೋನ್. "ಎಂತ ಸಾವು ಕಥೆ ಸರ್ ಇದು? ಪುಸ್ತಕ ಹೊರಗೆ ಉಂಟು. ಯಾರನ್ನಾದರೂ ಕಳಿಸಿ, ತಕ್ಕೊಂಡು ಹೋಗಲಿ." ಅಲ್ಲಿಂದ ಮುಂದೆ ನಮ್ಮ ಓದಿನ ಗುಂಪಿಗೆ ಬರುವುದನ್ನೇ ನಿಲ್ಲಿಸಿದರು. ಮಳೆ ಕಡಿಮೆಯಾಗುವ ಹೊತ್ತಿಗೆ ಅದೇ ಪುಸ್ತಕವನ್ನು ತಾವಾಗಿಯೇ ಕೇಳಿ ತರಿಸಿಕೊಂಡರು.

ನಡುವೆ ನಡೆದದ್ದನ್ನು ಬರೆದಿಡುವುದಕ್ಕೆ ಕಾರಣವಿದೆ. "ಕಥೆ ಓದಿ ತುಂಬಾ ಡಿಸ್ಟರ್ಬ್ ಆಯ್ತು" ಎಂದು ಹೇಳುವವರು ಬಹಳ ಜನ ಸಿಗುತ್ತಾರೆ. ಯಾವ ಸಾಲಿನಲ್ಲಿ, ಯಾಕೆ ಎಂದು ಬಿಡಿಸಿ ಹೇಳುವವರು ಕಡಿಮೆ. ಇವರು ಹೇಳಿದರು. ಬರೆಯಲು ಒಪ್ಪಿಗೆಯನ್ನೂ ಕೊಟ್ಟರು, ಹೆಸರು ಬೇಡ ಎಂದರು. ಗುಂಪಿನಲ್ಲಿ ಎಲ್ಲರೂ ಅವರನ್ನು ಸಿಸ್ಟರ್ ಎಂದೇ ಕರೆಯುವುದು. ನಾನೂ ಹಾಗೆಯೇ ಬರೆಯುತ್ತೇನೆ.

ಗುಂಪು ದೊಡ್ಡದೇನಲ್ಲ. ಕುಂಜಿಬೆಟ್ಟಿನ ಒಂದು ಮನೆಯ ಮಾಳಿಗೆಯಲ್ಲಿ ಸೇರುವುದು. ತಾಳಮದ್ದಳೆಯಲ್ಲಿ ಅರ್ಥ ಹೇಳುವ, ಸಂಸ್ಕೃತ ಕಲಿಸಿ ನಿವೃತ್ತರಾದ ಒಬ್ಬ ಮಾಷ್ಟ್ರು, ಮಣಿಪಾಲದಲ್ಲಿ ಇಂಜಿನಿಯರಿಂಗ್ ಓದುವ ಹುಡುಗ, ಬ್ಯಾಂಕಿನಿಂದ ನಿವೃತ್ತರಾದ ಇಬ್ಬರು (ಈ ಊರಿನ ಯಾವ ಗುಂಪಿನಲ್ಲೂ ಬ್ಯಾಂಕಿನವರು ಇಲ್ಲದಿರುವುದಿಲ್ಲ), ಸಿಸ್ಟರ್, ಇಂಗ್ಲಿಷ್ ಪಾಠ ಮಾಡುತ್ತಿದ್ದ ನಾನು. ಆ ಮಳೆಗಾಲಕ್ಕೆ ಇಂಗ್ಲಿಷಿನ ವೈಜ್ಞಾನಿಕ ಸಣ್ಣಕಥೆಗಳನ್ನು ಓದೋಣ ಎಂದು ತೀರ್ಮಾನವಾಗಿತ್ತು. ಪ್ರತಿ ಒಂದೇ ಇದ್ದದ್ದರಿಂದ ಕೈಯಿಂದ ಕೈಗೆ ಹೋಗುತ್ತಿತ್ತು.

ಕಥೆ ಅಮೆರಿಕದ ಲೇಖಕಿ ಆಕ್ಟೇವಿಯಾ ಬಟ್ಲರ್ ಅವರ "ಬ್ಲಡ್‌ಚೈಲ್ಡ್". 1984ರ ಜೂನ್‌ನಲ್ಲಿ ಅಸಿಮೋವ್ ಹೆಸರಿನ ಮಾಸಿಕದಲ್ಲಿ ಮೊದಲು ಬಂದದ್ದು. ಆ ಕ್ಷೇತ್ರದ ಎರಡು ದೊಡ್ಡ ಪ್ರಶಸ್ತಿಗಳಾದ ನೆಬ್ಯುಲಾ, ಹ್ಯೂಗೋ ಎರಡೂ ಅದಕ್ಕೆ ಸಿಕ್ಕಿವೆ. ಮುಂದೆ ಕಥೆಯನ್ನು ಪೂರ್ತಿ ಹೇಳದೆ ನನಗೆ ದಾರಿಯಿಲ್ಲ. ಓದಬೇಕೆಂದಿರುವವರು ಓದಿಯೇ ಬನ್ನಿ.

ಭೂಮಿಯನ್ನು ಬಿಟ್ಟು ಓಡಿಬಂದ ಮನುಷ್ಯರು ಬೇರೊಂದು ಗ್ರಹದಲ್ಲಿ, ಟ್ಲಿಕ್ ಎಂಬ ಜೀವಿಗಳು ಬೇಲಿ ಹಾಕಿ ಕೊಟ್ಟ ಜಾಗದಲ್ಲಿ ಬದುಕುತ್ತಿದ್ದಾರೆ. ಟ್ಲಿಕ್‌ಗಳಿಗೆ ಹುಳದ ಹಾಗೆ ಉದ್ದ ಮೈ, ತುಂಬ ಕಾಲು, ಬುದ್ಧಿಯಲ್ಲಿ ನಮಗಿಂತ ಕಡಿಮೆಯೇನಲ್ಲ. ಅವು ಮೊಟ್ಟೆ ಇಡಬೇಕಾದರೆ ಬೇರೆ ಪ್ರಾಣಿಯ ಬಿಸಿ ಮೈ ಬೇಕು. ಮನುಷ್ಯರ ಮೈ ಅದಕ್ಕೆ ಬಹಳ ಒಗ್ಗುತ್ತದೆ. ಹಾಗಾಗಿ ಪ್ರತಿ ಕುಟುಂಬ ಒಂದು ಮಗುವನ್ನು ಕೊಡಬೇಕು, ಹೆಚ್ಚಾಗಿ ಗಂಡುಮಗು. ಕಥೆ ಹೇಳುವ ಗ್ಯಾನ್ ಎಂಬ ಹುಡುಗನನ್ನು, ಅವನು ಹುಟ್ಟುವ ಮೊದಲೇ, ಅವನ ತಾಯಿ ತನ್ನ ಗೆಳತಿ ಟಿ'ಗಟಾಯ್ ಎಂಬ ಟ್ಲಿಕ್‌ಗೆ ಮಾತು ಕೊಟ್ಟಿದ್ದಾಳೆ. ಒಂದು ರಾತ್ರಿ ಲೋಮಸ್ ಎಂಬ ಬಸುರಿ ಗಂಡಸು (ಹೌದು, ಗಂಡಸು) ಹೆರಿಗೆ ನೋವಿನಲ್ಲಿ ಇವರ ಮನೆಯ ಹತ್ತಿರ ಸಿಗುತ್ತಾನೆ. ಅವನೊಳಗಿನ ಮರಿಹುಳಗಳು ಮೊಟ್ಟೆಯಿಂದ ಹೊರಬಂದು ಅವನನ್ನೇ ತಿನ್ನತೊಡಗುವ ಮೊದಲು ತೆಗೆಯಬೇಕು. ಟಿ'ಗಟಾಯ್ ಅವನ ಹೊಟ್ಟೆ ಸೀಳಿ ಒಂದೊಂದೇ ಹುಳ ತೆಗೆಯುತ್ತಾಳೆ, ಅವನಿಗೆ ಪೂರ್ತಿ ಮಂಪರು ಇಲ್ಲ. ಪಕ್ಕದಲ್ಲಿ ನಿಂತು ನೋಡುವ ಗ್ಯಾನ್‌ಗೆ ಮುಂದೆ ತನ್ನ ಸರದಿ ಏನೆಂಬುದು ಗೊತ್ತಾಗುತ್ತದೆ.

ಗುಂಪಿನ ಮೊದಲ ತೀರ್ಪು ಎರಡು ನಿಮಿಷದಲ್ಲಿ ಮುಗಿದಿತ್ತು. ಹುಳ, ರಕ್ತ, ಹೊಟ್ಟೆ ಸೀಳುವುದು, ಹೆಂಗಸು ಹೆದರಿದ್ದಾರೆ. ಬ್ಯಾಂಕಿನವರಲ್ಲೊಬ್ಬರು ಫೋನ್ ಮಾಡಿ "ಕಥೆಯಲ್ವಾ ಮಾರಾಯ್ರೆ, ಅಷ್ಟು ಮಂಡೆಬಿಸಿ ಎಂತಕ್ಕೆ" ಎಂದು ಸಮಾಧಾನ ಹೇಳಿದರಂತೆ. ಸಮಾಧಾನ ಹೇಳುವುದರಲ್ಲಿ ಇಷ್ಟು ನಿಷ್ಪ್ರಯೋಜಕ ಮಾತು ಇನ್ನೊಂದಿಲ್ಲ ಎಂದು ನನ್ನ ಅಭಿಪ್ರಾಯ. ಕಥೆ ಎಂದು ಗೊತ್ತಿಲ್ಲದೆ ಯಾರೂ ಕಥೆಗೆ ಹೆದರುವುದಿಲ್ಲ.

ಅಸಹ್ಯ ಎನ್ನುವ ಕಾರಣ ನಿಲ್ಲುವುದಿಲ್ಲ ಎಂದು ನನಗೆ ಗೊತ್ತಾದದ್ದು ಅವರ ಮನೆಯ ಹಿಂಬದಿಯಲ್ಲಿ. ಪುಸ್ತಕ ತರಲು ನಾನೇ ಹೋಗಿದ್ದೆ. ಸಿಸ್ಟರ್ ಮೆಟ್ಟುಕತ್ತಿಯ ಮುಂದೆ ಕೂತು ಬಂಗುಡೆ ಕುಯ್ಯುತ್ತಿದ್ದರು. ಒಂದು ಮೀನಿನ ಕಿವಿರು ಎತ್ತಿದಾಗ ಒಳಗೆ ಬೆಳ್ಳಗಿನ ಒಂದು ಜೀವಿ ಕಾಲು ಕಚ್ಚಿಕೊಂಡು ಕೂತಿತ್ತು. ಬಂಗುಡೆಯ ಕಿವಿರಿನಲ್ಲಿ ಇರುವ ಈ ಪರೋಪಜೀವಿಗೆ ವಿಜ್ಞಾನಿಗಳು ನೊರಿಲೆಕಾ ಇಂಡಿಕಾ ಎನ್ನುತ್ತಾರೆ. ಮೀನು ಬದುಕಿರುವಾಗಲೇ ಒಳಗೆ ಸೇರಿಕೊಂಡು ಅಲ್ಲಿಯೇ ಬೆಳೆಯುತ್ತದೆ. ಸಿಸ್ಟರ್ ಅದನ್ನು ಹೆಬ್ಬೆರಳಿನಿಂದ ಮೀಟಿ ಬೆಕ್ಕಿನ ಕಡೆಗೆ ಎಸೆದು ಮಾತು ಮುಂದುವರಿಸಿದರು. ವಾರ್ಡಿನಲ್ಲಿ ಸಕ್ಕರೆ ಕಾಯಿಲೆಯವರ ಕಾಲಿನ ಹುಣ್ಣಿಗೆ ಹುಳ ಬಿದ್ದಾಗ ಟರ್ಪೆಂಟೈನ್ ಹಾಕಿ, ಮೇಲೆ ಬಂದದ್ದನ್ನು ಫೋರ್ಸೆಪ್ಸ್‌ನಲ್ಲಿ ಹೆಕ್ಕಿದವರು ಅವರು. ಹುಳ ಅವರಿಗೆ ಹೊಸದಲ್ಲ.

ರಕ್ತವೂ ಹೊಸದಲ್ಲ. ಸಿಸೇರಿಯನ್‌ಗಳಿಗೆ ಅವರು ಸ್ಕ್ರಬ್ ನರ್ಸ್. ಚರ್ಮ, ಕೊಬ್ಬು, ಅದರಡಿಯ ಬಿಳಿ ಪೊರೆ, ಕೊನೆಗೆ ಗರ್ಭಕೋಶ, ಒಂದೊಂದು ಪದರಕ್ಕೂ ಡಾಕ್ಟರು ಕೈ ಚಾಚುವ ಮೊದಲೇ ಸಾಮಾನು ಕೊಡುತ್ತಿದ್ದವರು. ಹೊಟ್ಟೆ ಮುಚ್ಚುವ ಮೊದಲು ಮಾಪ್ ಎಣಿಸುವುದು ಅವರ ಜವಾಬ್ದಾರಿ. ರಕ್ತ ಹೀರಲು ಒಳಗಿಟ್ಟ ಬಟ್ಟೆಯ ತುಂಡುಗಳ ಲೆಕ್ಕ ತಾಳೆಯಾಗದೆ ಹೊಲಿಗೆ ಹಾಕುವಂತಿಲ್ಲ. "ಲೋಮಸನದ್ದು ಓದುವಾಗ ನಾನು ಮನಸ್ಸಿನಲ್ಲಿ ಮಾಪ್ ಎಣಿಸ್ತಾ ಇದ್ದೆ ಸರ್" ಎಂದರು. "ಅವಳಿಗೆ ಒಬ್ಬ ಅಸಿಸ್ಟೆಂಟ್ ಬೇಕಿತ್ತು, ಹುಡುಗನ ಕೈಯಲ್ಲಿ ಅದೆಲ್ಲ ಆಗ್ಲಿಕ್ಕುಂಟಾ?" ಹೆದರಿದವರು ಹೇಳುವ ಮಾತಲ್ಲ ಅದು.

ಮಾಷ್ಟ್ರು ಪ್ರಕರಣವನ್ನು ಬೇರೆ ಕಡೆಯಿಂದ ಹಿಡಿದರು. ಸಿಸ್ಟರ್ ಕಟೀಲು ಮೇಳದ ಯಕ್ಷಗಾನದ ಆಟ ತಪ್ಪಿಸದವರು. "ದೇವಿ ಮಹಾತ್ಮೆ" ಎಂದರೆ ಮಗುವಿನ ಕಾಲದಿಂದ ನೋಡಿದ್ದು. ರಕ್ತಬೀಜನ ಒಂದೊಂದು ಹನಿ ನೆಲಕ್ಕೆ ಬಿದ್ದಲ್ಲೂ ಒಬ್ಬೊಬ್ಬ ರಾಕ್ಷಸ ಏಳುತ್ತಾನೆ, ಆ ರಕ್ತ ನೆಲ ಮುಟ್ಟದ ಹಾಗೆ ಕಾಳಿ ಕುಡಿಯುತ್ತಾಳೆ. ಯೋಚಿಸಿ ನೋಡಿದರೆ ಬಟ್ಲರ್ ಕಥೆಗಿಂತ ಇದು ಕಡಿಮೆ ಘೋರವಲ್ಲ. ಆದರೆ ಅದನ್ನು ನೋಡಲು ಮಕ್ಕಳನ್ನು ಮಡಿಲಲ್ಲಿ ಮಲಗಿಸಿಕೊಂಡು, ಚರುಮುರಿ ತಿನ್ನುತ್ತಾ ಕೂರುತ್ತೇವೆ. ಏನು ವ್ಯತ್ಯಾಸ?

ನಾಟ್ಯಶಾಸ್ತ್ರದ ಭರತಮುನಿಯೇ ಬೀಭತ್ಸವನ್ನು, ಅಂದರೆ ಅಸಹ್ಯದ ರಸವನ್ನು, ವಿಂಗಡಿಸಿದ್ದಾನೆ ಎಂದರು ಮಾಷ್ಟ್ರು: ರಕ್ತದಿಂದ ಹುಟ್ಟುವುದು ಕ್ಷೋಭಜ, ಹುಳ ಹೇಸಿಗೆಗಳಿಂದ ಹುಟ್ಟುವುದು ಉದ್ವೇಗಿ. ಈ ಕಥೆಯಲ್ಲಿ ಎರಡೂ ಒಂದೇ ಗಾಯದಲ್ಲಿ ಬಂದಿವೆ. ಅಷ್ಟಾದರೂ ರಸವಾಗಬೇಕಾದರೆ ನೋಡುವವನು ತನ್ನ ಸ್ವಂತದ್ದನ್ನು ಚಪ್ಪಲಿಯ ಜೊತೆ ಹೊರಗೆ ಬಿಟ್ಟು ಬರಬೇಕು. ನಾಟ್ಯಶಾಸ್ತ್ರಕ್ಕೆ ವ್ಯಾಖ್ಯಾನ ಬರೆದ ಅಭಿನವಗುಪ್ತ ಎಣಿಸುವ ಏಳು ರಸವಿಘ್ನಗಳಲ್ಲಿ (ರಸಕ್ಕೆ ಬರುವ ಅಡ್ಡಿಗಳಲ್ಲಿ) ಒಂದು, ತನ್ನದೇ ಸುಖದುಃಖಕ್ಕೆ ವಶವಾಗಿರುವುದು. ಆಟದಲ್ಲಿ ಚೆಂಡೆ, ಕಿರೀಟ, ಬಣ್ಣದ ವೇಷದ ಅಬ್ಬರ ನಮ್ಮನ್ನು ನಮ್ಮಿಂದ ದೂರ ನಿಲ್ಲಿಸುತ್ತವೆ. "ಸಿಸ್ಟರಿಗೆ ಆ ಕಥೆಯಲ್ಲಿ ತಮ್ಮದೇ ಏನೋ ಎಡವಿದೆ. ಹಾಗಾಗಿ ಅವರು ಕಥೆ ಓದಿದ್ದೇ ಅಲ್ಲ" ಎಂದು ತೀರ್ಪು ಕೊಟ್ಟರು. ಮಾತಿನ ಮೊದಲರ್ಧ ಸರಿಯಾಗಿತ್ತು. ಎರಡನೆಯ ಅರ್ಧವನ್ನು ನಾನು ಆಗಲೂ ಒಪ್ಪಲಿಲ್ಲ, ಈಗಲೂ ಒಪ್ಪುವುದಿಲ್ಲ.

ಇಂಜಿನಿಯರಿಂಗ್ ಹುಡುಗ ಕೇಳಿದ ಪ್ರಶ್ನೆ ನನಗೆ ಹೆಚ್ಚು ಉಪಯೋಗಕ್ಕೆ ಬಂತು. ಸಿಸ್ಟರ್ ಭೂತ ಪ್ರೇತದ ಕಥೆಗೂ ಹೀಗೆ ಹೆದರುತ್ತಾರಾ? ಇಲ್ಲ. ಅವರ ಮನೆಯಲ್ಲಿ ಆಟಿಯಲ್ಲಿ ತೀರಿಕೊಂಡವರಿಗೆ ಎಲೆ ಹಾಕಿ ಬಡಿಸುತ್ತಾರೆ. ಮದುವೆಯಾಗದೆ ಸತ್ತವರ ಕುಲೆ ತೊಂದರೆ ಕೊಟ್ಟರೆ ಅದಕ್ಕೂ ಗಂಡು ಹೆಣ್ಣು ನೋಡಿ ಪ್ರೇತ ಮದುವೆ ಮಾಡಿಸುವ ಊರು ಇದು. ಇಲ್ಲಿ ಪ್ರೇತ ಎಂದರೆ ದೂರು ಇರುವ ನೆಂಟ. ದೂರಿಗೆ ಪರಿಹಾರ ಉಂಟು, ಖರ್ಚು ಎಷ್ಟೆಂದೂ ಗೊತ್ತುಂಟು. ವೈಜ್ಞಾನಿಕ ಕಥೆಯ ಭಯ ಈ ಜಾತಿಯದಲ್ಲ. ಲೋಮಸನ ಹೊಟ್ಟೆಯ ಹುಳಕ್ಕೆ ಯಾರ ಮೇಲೂ ಸಿಟ್ಟಿಲ್ಲ. ಅದಕ್ಕೆ ಹಸಿವಾಗಿದೆ, ಹತ್ತಿರ ಇರುವುದನ್ನು ತಿನ್ನುತ್ತದೆ. ಎಲೆ ಹಾಕಿ ಬಡಿಸಿದರೆ ಮುಗಿಯುವ ಲೆಕ್ಕ ಅಲ್ಲ. ಗ್ಯಾನ್ ಅಲ್ಲಿ ಒಂದು ಪ್ರಾಣಿಯನ್ನು ಕೊಂದು ತಂದು ಆ ಹುಳಗಳನ್ನು ಅದರ ಮೈಗೆ ಬಿಡಬೇಕಾಗುತ್ತದೆ ಎನ್ನುವುದು ಬೇರೆ ಮಾತು.

ಇಂಥ ಹುಳ ನಮ್ಮ ಕಿಟಕಿಯಲ್ಲೂ ಉಂಟು. ಬಾಗಿಲ ಸಂದಿಯಲ್ಲಿ ಮಣ್ಣಿನ ಗೂಡು ಕಟ್ಟುವ ಕಣಜವನ್ನು ನೋಡದವರಿಲ್ಲ. ಅದು ಕಂಬಳಿಹುಳವನ್ನೋ ಜೇಡವನ್ನೋ ಕುಟುಕಿ, ಕೊಲ್ಲದೆ, ಅಲುಗದ ಹಾಗೆ ಮಾಡಿ, ಗೂಡಿನೊಳಗೆ ತುಂಬಿ ಮೊಟ್ಟೆ ಇಟ್ಟು ಮಣ್ಣು ಮೆತ್ತುತ್ತದೆ. ಮೊಟ್ಟೆ ಒಡೆದು ಬಂದ ಮರಿ ಜೀವಂತ ಊಟ ಮುಗಿಸಿ, ರೆಕ್ಕೆ ಬಲಿತು ಹೊರಗೆ ಬರುತ್ತದೆ. ಹೊರಗಿನಿಂದ ನೋಡಿದವರಿಗೆ ಕಂಡದ್ದು ಹುಳ ಒಳಗೆ ಹೋದದ್ದು, ಕಣಜ ಹೊರಗೆ ಬಂದದ್ದು. ಅದರಿಂದ ನಮ್ಮವರು ಭ್ರಮರಕೀಟ ನ್ಯಾಯ ಮಾಡಿದರು: ಕಣಜವನ್ನೇ ಧ್ಯಾನಿಸುತ್ತಾ ಹುಳವೇ ಕಣಜವಾಗುತ್ತದೆ, ಹಾಗೆಯೇ ಜೀವ ಬ್ರಹ್ಮವಾಗುತ್ತದೆ. (ಉಡುಪಿಯಲ್ಲಿ ಕೂತು ಈ ದೃಷ್ಟಾಂತ ಹೇಳಿದರೆ ಎಲ್ಲರೂ ತಲೆಯಾಡಿಸುವುದಿಲ್ಲ, ಅದು ಅದ್ವೈತಿಗಳ ಸ್ವತ್ತು.) ಗೂಡು ಒಡೆದು ನೋಡುವ ಕಾಲದವನಾದ ಡಾರ್ವಿನ್ 1860ರ ಮೇ ತಿಂಗಳಲ್ಲಿ ಏಸಾ ಗ್ರೇ ಎಂಬ ಸಸ್ಯವಿಜ್ಞಾನಿಗೆ ಬರೆದ ಪತ್ರದಲ್ಲಿ, ಜೀವಂತ ಕಂಬಳಿಹುಳದ ಒಳಗೆ ಬೆಳೆಯುವ ಇಂಥ ಕಣಜಗಳನ್ನು ದಯಾಮಯನಾದ ದೇವರು ಬೇಕೆಂದೇ ಸೃಷ್ಟಿಸಿದ ಎಂದು ನಂಬಲು ತನ್ನಿಂದ ಆಗುವುದಿಲ್ಲ ಎಂದ. ಬಟ್ಲರ್ ಹಿಡಿದದ್ದು ಮೂರನೆಯ ದಾರಿ. ಕಣಜಕ್ಕೆ ಮಾತು ಕೊಟ್ಟರು, ಕಂಬಳಿಹುಳದ ಮೇಲೆ ಅದಕ್ಕೆ ಮಮತೆಯನ್ನೂ ಕೊಟ್ಟರು.

ಸಿಸ್ಟರ್ ಎಡವಿದ್ದು ಈ ಮಮತೆಯಲ್ಲಿ.

ಇದನ್ನು ಅವರು ಒಂದೇ ಸಲ ಹೇಳಲಿಲ್ಲ. ನಾನು ಪ್ರಶ್ನೆ ಕೇಳುವುದನ್ನು ಬಿಟ್ಟ ಮೇಲೆ, ಸೊಪ್ಪು ಕೊಡಲು ಬಂದಾಗ, ಅಜ್ಜರಕಾಡಿನ ಪಾರ್ಕಿನಲ್ಲಿ ಸಂಜೆ ಸಿಕ್ಕಾಗ, ತುಂಡು ತುಂಡಾಗಿ ಬಂತು. ಮೊದಲ ತುಂಡು: "ಕುಯ್ದದ್ದು ಅಲ್ಲ ಸರ್. ಅದಕ್ಕಿಂತ ಮೊದಲೇ. ಆ ಅಮ್ಮ ಮೊಟ್ಟೆ ಬೇಡ ಹೇಳ್ತಾಳಲ್ಲ, ಅಲ್ಲಿ."

ಕಥೆಯ ಆರಂಭದ ದೃಶ್ಯ ಅದು. ರಕ್ತದ ಒಂದು ಹನಿಯೂ ಇಲ್ಲ. ಟಿ'ಗಟಾಯ್ ಮನೆಗೆ ಬಂದಿದ್ದಾಳೆ, ಮರಿಯಾಗದ ಮೊಟ್ಟೆಗಳನ್ನು ತಂದಿದ್ದಾಳೆ. ಅದನ್ನು ಹೀರಿದರೆ ಮನುಷ್ಯರಿಗೆ ಹಿತವಾದ ಅಮಲು, ಆಯುಷ್ಯವೂ ಹೆಚ್ಚು. ಮಕ್ಕಳು ಅವಳ ಮಖಮಲ್ಲಿನಂಥ ಮೈಗೆ ಒರಗಿ ಬೆಚ್ಚಗೆ ಕೂತಿದ್ದಾರೆ. ತಾಯಿ ಮಾತ್ರ ತನ್ನ ಪಾಲು ಬೇಡ ಎನ್ನುತ್ತಾಳೆ. ಆಮೇಲೆ ಹೇಳಿದ ಹಾಗೆ ಕೇಳುತ್ತಾಳೆ. ಕೊನೆಗೆ ಟಿ'ಗಟಾಯ್ ಅವಳನ್ನು ತನ್ನ ಕಾಲುಗಳ ನಡುವೆ ಅಪ್ಪಿಕೊಂಡು, ಕುಟುಕಿ, ಮಲಗಿಸುತ್ತಾಳೆ. ನಾವೆಲ್ಲ ಈ ಪುಟಗಳನ್ನು ಪೀಠಿಕೆ ಎಂದು ದಾಟಿಹೋಗಿದ್ದೆವು. ಬಟ್ಲರ್ ಅವರ ಕಸುಬುಗಾರಿಕೆ ಇರುವುದೇ ಇಲ್ಲಿ. ಮಾಮೂಲಿ ರಾಕ್ಷಸನ ಕಥೆ ಮೊದಲು ಹಲ್ಲು ತೋರಿಸುತ್ತದೆ. ಇವರು ಮೊದಲು ಅಪ್ಪುಗೆ ಕೊಟ್ಟು, ಅದೇ ಕಾಲುಗಳಿಂದ ಆಮೇಲೆ ಹೊಟ್ಟೆ ಸೀಳಿಸುತ್ತಾರೆ. ಅಷ್ಟರಲ್ಲಿ ಓದುಗನೂ ಆ ಬೆಚ್ಚನೆಯ ಮೈಗೆ ಒರಗಿ ಆಗಿರುತ್ತದೆ.

ಹಾಗಾದರೆ ಅವರಿಗೆ ಆ ತಾಯಿಯ ಸಂಕಟ ತಟ್ಟಿತೇ? ಇಲ್ಲ ಮಗನದ್ದೇ? ನಾನು ಹಾಗೆಯೇ ಎಣಿಸಿದ್ದೆ. ಹೆದರಿದ ಓದುಗ ಬಲಿಯ ಜಾಗದಲ್ಲಿ ತನ್ನನ್ನು ಇಟ್ಟುಕೊಂಡಿರುತ್ತಾನೆ ಎನ್ನುವುದು ನಾವು ಪಾಠದಲ್ಲಿ ಹೇಳಿಕೊಂಡು ಬಂದದ್ದು. ಸಿಸ್ಟರ್ ಅಲ್ಲ ಎಂದು ತಲೆಯಾಡಿಸಿದರು. ಆಮೇಲೆ ಹೇಳಿದ್ದನ್ನು ಅವರ ಮಾತಿನಲ್ಲೇ ಕೊಡುತ್ತೇನೆ.

"ಅರ್ಜೆಂಟ್ ಸಿಸೇರಿಯನ್ ಅಂದ್ರೆ ಫಾರ್ಮಿಗೆ ಸಹಿ ಆಗ್ಬೇಕು. ನಾನು ಫಾರ್ಮ್ ಹಿಡ್ಕೊಂಡು ಓಡುದು ಹೊರಗೆ. ಗಂಡ, ಅತ್ತೆ, ಅಪ್ಪ, ಯಾರು ಬೆಂಚಿನಲ್ಲಿ ಕೂತಿರ್ತಾರೋ ಅವರ ಹತ್ರ. ಒಳಗೆ ಮಲಗಿದವಳಿಗೆ ಇಪ್ಪತ್ತೈದು ವರ್ಷ ಆಗಿರ್ತದೆ, ಓದು ಬರಹ ಬರ್ತದೆ. ಅವಳ ಹತ್ರ ಯಾರೂ ಕೇಳುದಿಲ್ಲ. ಒಬ್ಬಳು ನನ್ನ ಕೈ ಹಿಡಿದು ಕೇಳಿದ್ಳು, 'ಸಿಸ್ಟರೇ, ನನ್ನ ಹತ್ರ ಕೇಳ್ಲಿಕ್ಕಿಲ್ವಾ?' ನಾನು ಅವಳ ತಲೆ ಸವರಿ 'ಎಂತ ಆಗುದಿಲ್ಲ ಮಗಾ' ಹೇಳಿದೆ. ಆಪರೇಷನ್ ಚಂದ ಆಯ್ತು. ಮಗು ಚಂದ ಇತ್ತು. ನಾನು ಅವಳಿಗೆ ಕೆಟ್ಟದ್ದು ಮಾಡ್ಲಿಲ್ಲ. ಆ ಪ್ರಾಣಿ ಸಹ ಕೆಟ್ಟದ್ದು ಮಾಡ್ಲಿಲ್ಲ ಸರ್. ಅದರ ಕೈ ನನ್ನ ಕೈಯ ಹಾಗೆಯೇ ಉಂಟು."

ಅವರು ತಮ್ಮನ್ನು ಕಂಡುಕೊಂಡದ್ದು ಕುಯ್ಯಿಸಿಕೊಳ್ಳುವವನಲ್ಲಿ ಅಲ್ಲ, ಕುಯ್ಯುವವಳಲ್ಲಿ. ಪಳಗಿದ ಕೈ, ಮೆದು ಮಾತು, ಜೀವ ಉಳಿಸುವ ನಿಜವಾದ ಕಾಳಜಿ. ಅದರ ಒಳಗೇ, ಕೇಳದೆ ನಡೆದುಹೋಗುವ ಒಂದು ವ್ಯವಸ್ಥೆ. ಕಾನೂನು ಹೇಗಿದೆ ಎಂದರೆ, ಪ್ರಜ್ಞೆ ಇರುವ ವಯಸ್ಕ ರೋಗಿಯ ಒಪ್ಪಿಗೆಯನ್ನು ರೋಗಿಯಿಂದಲೇ ಪಡೆಯಬೇಕು. ಬೆಂಚಿನ ಮೇಲಿನ ಸಹಿ ರೂಢಿಯಿಂದ ಬಂದದ್ದು. ಸಿಸ್ಟರಿಗೆ ಇದು ಗೊತ್ತಿಲ್ಲದ ವಿಷಯವಲ್ಲ, ಕೊನೆಯ ವರ್ಷಗಳಲ್ಲಿ ಹೊಸಬರಿಗೆ ಇದನ್ನೇ ಕಲಿಸಿದವರು. ತಿಳಿದದ್ದು ಮೈಗೆ ಇಳಿಯಲು ಅವರಿಗೆ ಬೇರೆ ಗ್ರಹದ ಹುಳ ಬೇಕಾಯಿತು. ಬಾಣಂತಿಯರ ಸಂಕಟದ ಮೇಲೆ ನೇರವಾಗಿ ಬರೆದ ಕಥೆಯಾಗಿದ್ದರೆ ಓದಿ, ಅಯ್ಯೋ ಎಂದು, ಮಡಚಿ ಇಡುತ್ತಿದ್ದರು. ಅಂಥದ್ದಕ್ಕೆ ಉತ್ತರ ಅವರ ಬಳಿ ಮೊದಲೇ ತಯಾರಿತ್ತು. ಟ್ಲಿಕ್‌ಗೆ ತಯಾರಿರಲಿಲ್ಲ.

ಮಾಷ್ಟ್ರ ಲೆಕ್ಕದಲ್ಲಿ ಇದು ರಸಭಂಗವೇ ಸರಿ, ಸ್ವಂತದ್ದು ನಡುವೆ ಬಂದಿದೆ. ಆದರೆ ಸ್ವಂತದ್ದನ್ನು ಹೊರಗೆ ಬಿಟ್ಟು ಓದಿದ ನಮ್ಮಲ್ಲಿ ಒಬ್ಬರಿಗೂ ಆ ಮೊದಲ ದೃಶ್ಯ ಕಾಣಲಿಲ್ಲ ಎನ್ನುವುದಕ್ಕೆ ಅವರು ಉತ್ತರ ಕೊಟ್ಟಿಲ್ಲ. "ಒಬ್ಬ ಅರ್ಥಧಾರಿ ನಿಜವಾಗಿ ಅತ್ತರೆ ಪ್ರಸಂಗ ಕೆಡ್ತದೆ" ಎಂದಷ್ಟೇ ಹೇಳಿದರು. ಅರ್ಥಧಾರಿಯ ಮಟ್ಟಿಗೆ ಇರಬಹುದು. ಕೆಳಗೆ ಕೂತು ಕೇಳುವವರಿಗೂ ಅದೇ ನಿಯಮವೇ?

ಈ ಹಂತದಲ್ಲಿ ನಾನು ಅವರಿಗೆ ಪುಸ್ತಕದಲ್ಲಿದ್ದ ಲೇಖಕಿಯ ಟಿಪ್ಪಣಿಯನ್ನು ಓದಿ ಹೇಳಿದೆ. ಪೆರುವಿನ ಅಮೆಜಾನ್ ಕಾಡಿಗೆ ಹೋಗಲಿದ್ದ ಬಟ್ಲರ್‌ಗೆ ಬಾಟ್‌ಫ್ಲೈ ಎಂಬ ನೊಣದ ಭಯ ಹಿಡಿದಿತ್ತು. ಅದರ ಮರಿ ಮನುಷ್ಯರ ಚರ್ಮದಡಿ ಬೆಳೆಯುತ್ತದೆ. ಹಿಂಡಿ ತೆಗೆಯಲು ಹೋದರೆ ತುಂಡಾಗಿ ಒಳಗೆ ಉಳಿದು ಕೀವಾಗಬಹುದು, ಹಾಗಾಗಿ ತಡೆದುಕೊಂಡಿರಬೇಕು. ಆ ಭಯವನ್ನು ಎದುರಿಸಲೆಂದೇ ಬರೆದ ಕಥೆ ಇದು. ಇದನ್ನು ಗುಲಾಮಗಿರಿಯ ಕಥೆ ಎಂದು ಓದಿದವರನ್ನು ಕಂಡು ತನಗೆ ಆಶ್ಚರ್ಯವಾಗುತ್ತದೆ, ತನ್ನ ಮಟ್ಟಿಗೆ ಇದು ಎರಡು ತೀರ ಬೇರೆ ಜೀವಿಗಳ ನಡುವಿನ ಪ್ರೇಮದ ಕಥೆ ಎಂದೂ ಬರೆದಿದ್ದಾರೆ.

ನೊಣದ ಮಾತಿಗೆ ಸಿಸ್ಟರ್ ತುಂಬ ಆಸಕ್ತಿ ತೋರಿಸಿದರು, ಹೇಗೆ ತೆಗೆಯುತ್ತಾರೆ ಎಂದು ವಿವರ ಕೇಳಿದರು. ಪ್ರೇಮದ ಮಾತಿಗೆ: "ಪ್ರೀತಿ ಇಲ್ಲ ಅಂತ ನಾನು ಹೇಳ್ಲಿಲ್ಲ. ಪ್ರೀತಿ ಇದ್ದದ್ದಕ್ಕೇ ಯಾರೂ ಕೇಳ್ಲಿಕ್ಕೆ ಹೋಗುದಿಲ್ಲ." ಲೇಖಕಿಯ ಮಾತನ್ನು ತಂದು ಓದುಗರ ಗಾಯಕ್ಕೆ ಪಟ್ಟಿ ಕಟ್ಟಬಹುದು ಎನ್ನುವುದು ನಮ್ಮಂಥ ಪಾಠದವರ ಕಲ್ಪನೆ. ಅವರಿಗೆ ಅದರ ಅಗತ್ಯ ಇರಲಿಲ್ಲ. ಬೇಕಾಗಿದ್ದದ್ದು ಹೊತ್ತು. ಅದನ್ನು ಅವರೇ ತೆಗೆದುಕೊಂಡರು.

ಪುಸ್ತಕ ಮತ್ತೆ ಕೇಳಿದಾಗ ಕೊನೆಯ ಪುಟಗಳನ್ನು ಮಾತ್ರ ಓದುತ್ತೇನೆ ಎಂದಿದ್ದರು. ಅಲ್ಲಿ ಗ್ಯಾನ್ ಮನೆಯಲ್ಲಿ ಅಡಗಿಸಿಟ್ಟ ಕೋವಿಯನ್ನು ಹಿಡಿದು, ನಳಿಗೆಯನ್ನು ತನ್ನ ಕಡೆಗೇ ತಿರುಗಿಸಿಕೊಂಡು, ಟಿ'ಗಟಾಯ್ ಜೊತೆ ಮಾತಿಗೆ ನಿಲ್ಲುತ್ತಾನೆ. ಮನುಷ್ಯರು ಕೋವಿ ಇಟ್ಟುಕೊಳ್ಳುವುದು ಅಲ್ಲಿ ನಿಷಿದ್ಧ. (ಚುನಾವಣೆ ಬಂದಾಗಲೆಲ್ಲ ಲೈಸೆನ್ಸ್ ಕೋವಿಯನ್ನು ಠಾಣೆಗೆ ಒಪ್ಪಿಸಿ ಬರುವ ನಮ್ಮ ತೋಟದವರಿಗೆ ಈ ಭಾಗ ಬೇಗ ಅರ್ಥವಾದೀತು.) ಅವನು ಒಲ್ಲೆ ಎಂದರೆ ಅಕ್ಕನ ಸರದಿ. ಕೊನೆಗೆ ಅವನು ಒಪ್ಪುತ್ತಾನೆ, ಆದರೆ ಕೋವಿ ಮನೆಯಲ್ಲೇ ಇರಬೇಕು ಎಂದು ಹಟ ಹಿಡಿಯುತ್ತಾನೆ. ನಮ್ಮನ್ನು ಪ್ರಾಣಿಗಳೆಂದು ಎಣಿಸುವುದಿಲ್ಲವಾದರೆ ನಿನಗೂ ಸ್ವಲ್ಪ ಅಪಾಯ ಇರಲಿ ಎಂಬ ಅರ್ಥದ ಮಾತು. ಅವಳಿಗೆ ಭಯವಾಗುತ್ತದೆ. ಆದರೂ ಬಿಟ್ಟುಕೊಡುತ್ತಾಳೆ.

"ಮೊದಲ ಸಲ ಓದುವಾಗ ಈ ಕೋವಿ ನನಗೆ ಕಾಣಲೇ ಇಲ್ಲ" ಎಂದರು ಸಿಸ್ಟರ್. "ಅವನು ಕೇಳಿದ, ಅವಳು ಇಟ್ಳು. ಅಲ್ಲಿ ಒಂದು ಸಹಿ ಆಯ್ತು." ಸಮಾಧಾನ ಆಯಿತೇ ಎಂದು ಕೇಳಿದೆ. "ಸಮಾಧಾನ ಎಂತದು? ಅಕ್ಕನನ್ನು ಮುಂದೆ ಇಟ್ಟುಕೊಂಡು ಕೇಳಿದ್ದು ಒಪ್ಪಿಗೆಯಾ ಸರ್? ಆದ್ರೂ ಕೇಳದೆ ಇದ್ದದ್ದಕ್ಕಿಂತ ಬೇರೆ." ಇಷ್ಟು ಹೇಳಿ, ಪುಸ್ತಕ ಇನ್ನೊಂದು ವಾರ ತಮ್ಮ ಹತ್ತಿರ ಇರಲಿ, ಅದರಲ್ಲಿ ಬೇರೆ ಕಥೆಗಳೂ ಉಂಟಲ್ಲ ಎಂದರು.

ಗುಂಪಿಗೆ ವಾಪಸು ಬಂದ ದಿನ ಅವರಿಗೂ ಮಾಷ್ಟ್ರಿಗೂ ರಸದ ವಿಷಯದಲ್ಲಿ ದೊಡ್ಡ ಚರ್ಚೆಯೇ ಆಯಿತು. ಬ್ಯಾಂಕಿನವರು ಇನ್ನು ಮೇಲೆ ಇಂಥ ಕಥೆ ಕೊಡುವ ಮೊದಲು ಒಂದು ಎಚ್ಚರಿಕೆ ಬರೆದು ಅಂಟಿಸೋಣ ಎಂದು ಸೂಚಿಸಿದರು: ಹುಳ, ರಕ್ತ, ಶಸ್ತ್ರಕ್ರಿಯೆ ಇದೆ, ಮನಸ್ಸು ಗಟ್ಟಿ ಇಲ್ಲದವರು ಓದಬಾರದು ಎಂದು. ಸಿಸ್ಟರ್ ನಕ್ಕುಬಿಟ್ಟರು. "ಬರೆಯಿರಿ. ಆದ್ರೆ ಅದನ್ನು ಓದಿದ್ರೂ ನಾನು ಪುಸ್ತಕ ತಕ್ಕೊಂಡೇ ಹೋಗ್ತಿದ್ದೆ. ಹುಳ, ರಕ್ತಕ್ಕೆಲ್ಲ ನಾನು ಹೆದರುವವಳಲ್ಲ."